ಬಿಳಿ ರಕ್ತಕಣಗಳಿಗೆ ಹೊನವಾಡದ ನಾಗರಿಕ ಸನ್ಮಾನ

ವೇದಿಕೆ ಮೇಲಿರುವ ಗಣ್ಯರೆ, ವೇದಿಕೆ ಮೇಲೆ ಕುರ್ಚಿ ಸಿಗದೆ ಮುನಿಸಿಕೊಂಡಿರುವ ಗಣ್ಯರೆ, ನಮ್ಮೆಲ್ಲರ ನೆತ್ತರಿನಲ್ಲಿ ಆಸೀನರಾಗಿರುವ ಸನ್ಮಾನಿತರೆ,

ಹೊಗಳುವುದು ಹೊನವಾಡಕ್ಕೆ ಹೊಸದಲ್ಲ. 1054ರ ಶಾಸನದಲ್ಲಿ ಇದು ಪೊನ್ನವಾಡ, ಚಾಲುಕ್ಯ ಸೋಮೇಶ್ವರನ ರಾಣಿ ಕೇತಲದೇವಿ ಆಳುತ್ತಿದ್ದ ಅಗ್ರಹಾರ. ರಾಣಿಯ ಹೆಸರು ಕಲ್ಲಿಗೇರಿತು. ರಾಣಿಯನ್ನು ಜ್ವರದಿಂದ ಕಾಯ್ದವರ ಹೆಸರು ಮಾತ್ರ ಯಾವ ಕಲ್ಲಿನಲ್ಲೂ ಇಲ್ಲ.

ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಮಾಡುವಾಗ ಕತ್ತರಿ ಬೆರಳಿಗೆ ತಗುಲಿತು ಅನ್ನಿ. ಚರ್ಮ ಹರಿದಲ್ಲಿ ಸೂಕ್ಷ್ಮಾಣುಗಳು ನುಗ್ಗುತ್ತವೆ. ಅಲ್ಲೇ ಠಿಕಾಣಿ ಹೂಡಿರುವ ಮ್ಯಾಕ್ರೋಫೇಜ್ ಕೈಗೆ ಸಿಕ್ಕಷ್ಟನ್ನು ನುಂಗಿ, ರಾಸಾಯನಿಕ ಸಂದೇಶ ಕಳಿಸುತ್ತದೆ. ರಕ್ತನಾಳ ಸಡಿಲಾಗಿ ನ್ಯೂಟ್ರೋಫಿಲ್‌ಗಳು ಹೊರಬೀಳುತ್ತವೆ. ಬೆರಳು ಕೆಂಪಾಗಿ ಬಾತು ಬಿಸಿಯಾಗುವುದು ಅವರ ಕೆಲಸದಿಂದಲೇ. ಕೀವು ಕಂಡು ಮೂಗು ಮುಚ್ಚುವವರು ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು: ಅದರಲ್ಲಿರುವುದು ಬಹುಪಾಲು ಮಡಿದ ನ್ಯೂಟ್ರೋಫಿಲ್‌ಗಳು.

ಅಷ್ಟಕ್ಕೂ ಮುಗಿಯದಿದ್ದರೆ ಡೆಂಡ್ರಿಟಿಕ್ ಕಣ ವೈರಿಯ ತುಣುಕೊಂದನ್ನು ಹೊತ್ತು ಬಗಲಿನ ದುಗ್ಧಗ್ರಂಥಿಗೆ ಹೋಗುತ್ತದೆ. ಅಲ್ಲಿನ ಟಿ ಮತ್ತು ಬಿ ಕಣಗಳಲ್ಲಿ ಆ ತುಣುಕಿಗೆ ಸರಿಹೊಂದುವವು ಬಹಳ ಕಡಿಮೆ. ಹೊಂದಿದವು ಸಾವಿರಗಟ್ಟಲೆ ಮರಿ ಹಾಕುತ್ತವೆ, ಬಿ ಕಣಗಳು ಪ್ರತಿಕಾಯ ಸುರಿಸುತ್ತವೆ. ಮೊದಲ ಸಲ ಇದಕ್ಕೆ ವಾರವಾದರೂ ಬೇಕು. 1688ರಲ್ಲಿ ವಿಜಯಪುರಕ್ಕೆ ಬಂದ ಪ್ಲೇಗು ಅಷ್ಟು ದಿನ ಕೊಡುತ್ತಿರಲಿಲ್ಲ. ಔರಂಗಜೇಬನ ಬೇಗಂ ಔರಂಗಾಬಾದಿ ಮಹಲ್ ಅದರಲ್ಲೇ ತೀರಿಕೊಂಡಳು. ಪ್ಲೇಗಿನಲ್ಲಿ ಬಗಲಿಗೂ ತೊಡೆಸಂದಿಗೂ ಏಳುವ ಗಡ್ಡೆ ಬೇರೇನಲ್ಲ, ಸೋಲುತ್ತಿರುವ ದುಗ್ಧಗ್ರಂಥಿ. 1897ರಲ್ಲಿ ಮುಂಬೈಯಲ್ಲಿ ವಿಜ್ಞಾನಿ ಹಾಫ್ಕಿನ್ ಸತ್ತ ಪ್ಲೇಗು ಸೂಕ್ಷ್ಮಾಣುಗಳ ಲಸಿಕೆ ಮಾಡಿ ಮೊದಲು ತನಗೇ ಚುಚ್ಚಿಕೊಂಡ. ವೈರಿ ಬರುವ ಮೊದಲೇ ಆ ವಾರವನ್ನು ಮುಂಗಡವಾಗಿ ಕೊಟ್ಟಂತಾಯಿತು. ನೆನಪಿನ ಕಣಗಳು ಉಳಿದರೆ ಮುಂದಿನ ಸಲ ತಡವಿಲ್ಲ.

ಇನ್ನು ಥೈಮಸ್. ಎದೆಮೂಳೆಯ ಹಿಂದೆ ಕೂತಿರುವ ಈ ಪರೀಕ್ಷಾ ಕೇಂದ್ರದ ಫಲಿತಾಂಶ ಕೇಳಿದರೆ ನಮ್ಮ ಜಿಲ್ಲೆಯ ಶಿಕ್ಷಣಾಧಿಕಾರಿಗಳು ಬೆವರಬಹುದು. ಎಳೆಯ ಟಿ ಕಣಗಳಲ್ಲಿ ನೂರಕ್ಕೆ ಐದೂ ಪಾಸಾಗುವುದಿಲ್ಲ. ಗುರುತು ಹಿಡಿಯಲು ಬಾರದವರೂ ನಪಾಸು, ಸ್ವಂತ ದೇಹದ ಮೇಲೆಯೇ ಜೋರು ಮಾಡುವವರೂ ನಪಾಸು. ನಪಾಸಾದವರಿಗೆ ಸಾವೇ ಗತಿ, ಸಪ್ಲಿಮೆಂಟರಿ ಇಲ್ಲ. ಅದನ್ನೂ ಕಣ್ತಪ್ಪಿಸಿ ಹೊರಬಿದ್ದ ಕೆಲವರನ್ನು ಹದ್ದುಬಸ್ತಿನಲ್ಲಿಡಲು ಬೇರೆ ಟಿ ಕಣಗಳಿವೆ. ಅವರ ಕೈಯೂ ಮೀರಿದರೆ ಕೀಲುಗಳಿಗೋ ಇನ್ಸುಲಿನ್ ಮಾಡುವ ಕಣಗಳಿಗೋ ಏಟು ಬೀಳುತ್ತದೆ.

ಆದ್ದರಿಂದ ಪೆಂಡಾಲಿನ ಹೊರಗೆ ‘ಇಮ್ಯುನಿಟಿ ಹೆಚ್ಚಿಸುವ ಪುಡಿ’ ಮಾರುತ್ತಿರುವ ಮಹನೀಯರಲ್ಲಿ ಒಂದು ಅರಿಕೆ: ಯಾವುದನ್ನ ಹೆಚ್ಚಸ್ತೀರ್ರೀ? ಹೊಡೆಯೋರನ್ನೋ, ತಡೆಯೋರನ್ನೋ? ಸನ್ಮಾನಿತರ ದೊಡ್ಡತನ ಹೊಡೆತದಲ್ಲಿಲ್ಲ, ಯಾರನ್ನು ಬಿಡಬೇಕೆಂಬ ತಿಳಿವಳಿಕೆಯಲ್ಲಿದೆ. ಊಟ, ನಿದ್ದೆ, ಲಸಿಕೆ ಇವು ಅವರಿಗೆ ಸಾಕು.

ಈಗ ಸಮಿತಿಯವರು ಸೇವಂತಿಗೆ ಹಾರ... ಆಕ್ಷೀ! ಕ್ಷಮಿಸಿ. ಪರಾಗವನ್ನು ವೈರಿಯೆಂದು ತಿಳಿದು ನನ್ನ ಮೂಗಿನ ಮಾಸ್ಟ್ ಕಣಗಳು ಹಿಸ್ಟಮಿನ್ ಸುರಿದುಬಿಟ್ಟವು. ತಮ್ಮಾ, ಆ ಹಾರ ಆಚೆ ಒಯ್ಯಪ್ಪ, ಒಣದ್ರಾಕ್ಷಿ ಹಾರ ತಾ.