ಪ್ರಥಮ ಪಿಸ್ತೂಲ ಮೀಮಾಂಸೆ

ಯಾವ ಶಾಸ್ತ್ರಕ್ಕೇ ಕೈ ಹಾಕಲಿ, ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ನಿರ್ಣಯ ಮಾಡಿಕೊಳ್ಳಬೇಕೆಂಬುದು ಹಿರಿಯರ ಕಟ್ಟಳೆ. ಮೊದಲ ಪಿಸ್ತೂಲು ಕೊಳ್ಳುವವರು ಮಾತ್ರ ಈ ನಾಲ್ಕನ್ನೂ ಹಾರಿ ನೇರವಾಗಿ ಗಾಜಿನ ಕಪಾಟಿನ ಮುಂದೆ ನಿಂತು "ಒಳ್ಳೇದು ಯಾವುದು?" ಎನ್ನುತ್ತಾರೆ. ಈ ಅಶಾಸ್ತ್ರೀಯ ನಡವಳಿಕೆಯನ್ನು ತಿದ್ದುವುದಕ್ಕಾಗಿ ಪ್ರಸ್ತುತ ಪ್ರಬಂಧ. ಅಧ್ಯಯನದ ಕ್ಷೇತ್ರ ಅಮೆರಿಕದ ಟೆಕ್ಸಸ್ ರಾಜ್ಯ, ಅದರಲ್ಲೂ ಡಾಲಸ್‌ನ ಉತ್ತರಕ್ಕಿರುವ ಫ್ರಿಸ್ಕೋ, ಪ್ಲೇನೋ ಸೀಮೆ. ಅಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಬೇರೆ ಕಾನೂನಿನ ಅಡ್ಡಿಯಿಲ್ಲದ ಯಾರು ಬೇಕಾದರೂ ಪರವಾನಗಿಯೇ ಇಲ್ಲದೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗಬಹುದು. ಕನ್ನಡಿಗರೂ ಅಲ್ಲಿ ಧಾರಾಳವಾಗಿದ್ದಾರೆ. ಇವೆರಡೂ ಕೂಡಿದ ಕಡೆ ಶಾಸ್ತ್ರ ಹುಟ್ಟದಿದ್ದರೇನೇ ಆಶ್ಚರ್ಯ.

ಮೊದಲಿಗೆ ಅಧಿಕಾರಿ, ಅಂದರೆ ಅರ್ಹನಾದವನು. ಎಚ್-1ಬಿ ವೀಸಾದವನು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಪಿಸ್ತೂಲನ್ನೂ ಇಟ್ಟುಕೊಳ್ಳುವಂತಿಲ್ಲ, ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡಿನವನಿಗೆ ಈ ತಡೆಯಿಲ್ಲ. ಆದರೆ ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಂಥದೆಂದರೆ, ಅದು ಕೈಗೆ ಬರುವ ಹೊತ್ತಿಗೆ ಕೈಯೇ ನಡುಗುತ್ತಿರುತ್ತದೆ. ಎಲ್ಲ ಶಾಸ್ತ್ರಗಳಲ್ಲೂ ಅಪವಾದ ಸೂತ್ರ ಒಂದಿರಬೇಕಷ್ಟೆ. ಇಲ್ಲಿಯದು ಇದು: ಬೇಟೆಯ ಲೈಸೆನ್ಸ್ ಇದ್ದವನಿಗೆ ಈ ನಿಷೇಧ ತಾಗದು. ಆದ್ದರಿಂದ ಬಸವನಗುಡಿಯಲ್ಲಿ ಹುಟ್ಟಿ, ಬಿಸ್ಕತ್ ಪೊಟ್ಟಣದ ಹಿಂದೆ ಮೊಟ್ಟೆಯ ಹೆಸರಿದೆಯೇ ಎಂದು ಕನ್ನಡಕ ಹಣೆಗೇರಿಸಿ ಓದುವ ಮನುಷ್ಯ ಟೆಕ್ಸಸ್‌ನ ವನ್ಯಜೀವಿ ಇಲಾಖೆಗೆ ದುಡ್ಡು ಕಟ್ಟಿ, ಜಿಂಕೆ ಹೊಡೆಯುವ ಹಕ್ಕುಳ್ಳವನಾಗುತ್ತಾನೆ. 1971ರ ಸೆಪ್ಟೆಂಬರ್ 2ರಿಂದೀಚೆಗೆ ಹುಟ್ಟಿದವರು ಬೇಟೆಗಿಳಿಯುವ ಮೊದಲು ಬೇಟೆಯ ಪಾಠ ಕಲಿತಿರಬೇಕೆಂಬ ನಿಯಮವೂ ಇದೆ. ಅದನ್ನೂ ಶ್ರದ್ಧೆಯಿಂದ ಕಲಿಯುತ್ತಾನೆ. ಜಿಂಕೆಗೆ ಇವನಿಂದ ಯಾವ ಅಪಾಯವೂ ಇಲ್ಲ. ಅವನ ಬಯಕೆ ಏನಿದ್ದರೂ ಕಾಗದದ ಮೇಲಿನ ಕಪ್ಪು ವೃತ್ತ.

ಅಧಿಕಾರ ಪರೀಕ್ಷೆಯ ಎರಡನೆಯ ಹಂತ ಅಂಗಡಿಯಲ್ಲಿ ತುಂಬಬೇಕಾದ 4473ನೆಯ ಸಂಖ್ಯೆಯ ನಮೂನೆ. ಇಡೀ ಅಮೆರಿಕದ ಸರ್ಕಾರಿ ವಾಙ್ಮಯದಲ್ಲಿ ಇಷ್ಟು ಆತ್ಮಶೋಧಕವಾದ ಕೃತಿ ಇನ್ನೊಂದಿರಲಾರದು. ನೀನು ತಲೆ ತಪ್ಪಿಸಿಕೊಂಡ ಆರೋಪಿಯೇ? ಗಾಂಜಾ ಸೇದುವವನೇ? (ನಿನ್ನ ರಾಜ್ಯ ಒಪ್ಪಿದ್ದರೂ ಕೇಂದ್ರ ಒಪ್ಪಿಲ್ಲ ಎಂಬ ಎಚ್ಚರಿಕೆ ಅಲ್ಲೇ ಅಚ್ಚಾಗಿದೆ.) ಇದೆಲ್ಲಕ್ಕಿಂತ ಗಹನವಾದದ್ದು ಒಂದಿದೆ: ಇದನ್ನು ನಿಜವಾಗಿ ಕೊಳ್ಳುತ್ತಿರುವವನು ನೀನೇ ತಾನೆ? ಶಂಕರರಿಂದ ಒಂದು ಭಾಷ್ಯವನ್ನೇ ಬರೆಯಿಸಿದ ಈ ಪ್ರಶ್ನೆಗೆ ಟೆಕ್ಸಸ್‌ನಲ್ಲಿ ಹೌದು, ಇಲ್ಲ ಎಂಬ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ಆಮೇಲೆ ಅಂಗಡಿಯವನು ಹಿನ್ನೆಲೆ ತಪಾಸಣೆಗೆ ಕಳಿಸುತ್ತಾನೆ. 1998ರ ನವೆಂಬರಿನಿಂದ ಈ ಏರ್ಪಾಡು ನಡೆಯುತ್ತಿದೆ. ಬಹಳ ಸಲ ಉತ್ತರ ಬರುವುದಕ್ಕೆ ನಿಮಿಷಗಳು ಸಾಕು, ಬೆಂಗಳೂರಿನಲ್ಲಿ ಗ್ಯಾಸ್ ಬುಕ್ ಮಾಡುವುದಕ್ಕಿಂತ ಬೇಗ.

ಇನ್ನು ವಿಷಯ. ಇಲ್ಲಿ ಎರಡು ಮತಗಳಿವೆ. ರಿವಾಲ್ವರ್ ಮತ ಪ್ರಾಚೀನ. ಐದಾರು ಗುಂಡು, ತಿರುಗುವ ಉರುಳೆ, ಒತ್ತಿದರೆ ಹಾರುತ್ತದೆ, ಹಾರದಿದ್ದರೆ ಮತ್ತೊಮ್ಮೆ ಒತ್ತಬೇಕು. ಇದರಾಚೆಗೆ ಈ ಮತದಲ್ಲಿ ತತ್ತ್ವಜಿಜ್ಞಾಸೆ ಇಲ್ಲ. ಸೆಮಿ ಆಟೊಮ್ಯಾಟಿಕ್ ಮತ ನವೀನ. ಅದರ ಆಚಾರ್ಯರಲ್ಲಿ ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಮುಖ್ಯರು. ಕಿಟಕಿ ಪರದೆಯ ಸರಳು, ಸೈನಿಕರ ಚಾಕು ಮಾಡುತ್ತಿದ್ದ ಈತ, ಪಿಸ್ತೂಲಿನ ಪೂರ್ವಾನುಭವವೇ ಇಲ್ಲದೆ ಒಂದನ್ನು ರಚಿಸಿದರು. 1982ರಲ್ಲಿ ಆಸ್ಟ್ರಿಯಾದ ಸೇನೆ ಅದನ್ನೇ ಆರಿಸಿಕೊಂಡಿತು. ಚೌಕಟ್ಟು ಪ್ಲಾಸ್ಟಿಕ್ಕಿನದು, ನೋಟಕ್ಕೆ ಸ್ಟೇಪ್ಲರ್ ಸೌಂದರ್ಯ. ಅಜ್ಞಾನವೂ ಒಂದು ಪ್ರಮಾಣ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಪ್ರಬಂಧಕಾರನಿಗೆ ಸಿಕ್ಕಿಲ್ಲ.

ಉಭಯ ಮತಗಳಿಗೂ ಸಮಾನವಾದ ಕ್ಲೇಶವೊಂದು ಗುಂಡಿನ ಗಾತ್ರದ್ದು. 9 ಮಿಲಿಮೀಟರಿಗೂ ಪಾಯಿಂಟ್ 45ಕ್ಕೂ ಇರುವ ಅಂತರ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ. ಆ ಸಂದಿಯಲ್ಲಿ ಒಂದು ಶತಮಾನದ ವಾಗ್ವಾದ ಹಿಡಿಸಿದೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಜತೆಗಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತು ಐವರು ಗಾಯಗೊಂಡರು. 9 ಮಿ.ಮೀ. ಗುಂಡೊಂದು ದರೋಡೆಕೋರನ ಹೃದಯದ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ದುಃಖದ ಘಟನೆ, ಅದರಿಂದ ಹುಟ್ಟಿದ ವಿದ್ವತ್ತು ಬೇರೆಯೇ ಸರಕು. 9 ಸಾಲದು ಎಂದು 10 ಮಿಲಿಮೀಟರಿಗೆ ಹೋದರು. ಅದರ ಒದೆತ ಜಾಸ್ತಿಯಾಯಿತೆಂದು ಮದ್ದು ಕಡಿಮೆ ಮಾಡಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟುದ್ದದ ತೋಟಾ ಯಾಕೆಂದು ಅದನ್ನು ಮೊಟಕು ಮಾಡಿ 1990ರಲ್ಲಿ ಪಾಯಿಂಟ್ 40 ಎಂಬುದನ್ನು ತಂದರು. ದೇಶದ ಪೊಲೀಸರಲ್ಲಿ ಬಹಳ ಮಂದಿ ಅದಕ್ಕೆ ಬದಲಾದರು. ಅಷ್ಟರಲ್ಲಿ ಗುಂಡಿನ ರಚನೆ ಸುಧಾರಿಸಿತು, ಒದೆತ ಕಡಿಮೆಯಿದ್ದರೆ ಗುರಿ ಚೆನ್ನಾಗಿ ಕೂರುತ್ತದೆ ಎಂಬುದೂ ತಿಳಿಯಿತು. ಸುಮಾರು ಮೂವತ್ತು ವರ್ಷದ ಪ್ರದಕ್ಷಿಣೆ ಮುಗಿಸಿ ಎಫ್‌ಬಿಐ 9 ಮಿಲಿಮೀಟರಿಗೇ ವಾಪಸು ಬಂತು. ಈಗಲೂ ಟೆಕ್ಸಸ್‌ನ ಅಂಗಡಿಗಳಲ್ಲಿ ಪಾಯಿಂಟ್ 45ರ ಭಕ್ತರು ಸಿಗುತ್ತಾರೆ. ಅವರ ಮುಂದೆ ಈ ಚರಿತ್ರೆ ಹೇಳಬೇಡಿ, ಸಂಜೆ ಆರಕ್ಕೆ ಮುಂಚೆ ಬಿಡುವುದಿಲ್ಲ.

ಈಗ ಪ್ರಯೋಜನ. ಪೂರ್ವಪಕ್ಷಿಯ ಬೇಡಿಕೆ ಒಂದೇ ಉಸಿರಿನಲ್ಲಿ ಎರಡು: ಭಾನುವಾರ ರೇಂಜಿಗೆ ಹೋಗಿ ಗುರಿ ಹೊಡೆಯುವುದಕ್ಕೂ ಬೇಕು, ಸೋಮವಾರದಿಂದ ಅಂಗಿಯೊಳಗೆ ಬಚ್ಚಿಟ್ಟು ಒಯ್ಯುವುದಕ್ಕೂ ಅದೇ ಆಗಬೇಕು. ಈ ಶಾಸ್ತ್ರದ ಮೂಲ ವಿರೋಧಾಭಾಸ ಇಲ್ಲಿದೆ, ಉಳಿದದ್ದೆಲ್ಲ ವ್ಯಾಖ್ಯಾನ. ಗುರಿಗೆ ಒಳ್ಳೆಯದು ಉದ್ದ ನಳಿಗೆಯ, ಭಾರವಾದ, ಸಣ್ಣ ಗುಂಡಿನ ಪಿಸ್ತೂಲು. ರೂಗರ್ ಕಂಪನಿ 1949ರಲ್ಲಿ ಬಾಗಿಲು ತೆರೆದದ್ದೇ ಇಂಥ ಒಂದು ಪಾಯಿಂಟ್ 22ರಿಂದ. ಅದರ ವಂಶದ ಇಂದಿನ ಗುರಿ ಪಿಸ್ತೂಲು ಕಿಲೋ ದಾಟಿ ತೂಗುತ್ತದೆ. ಒದೆತ ಇಲ್ಲವೆಂದೇ ಹೇಳಬೇಕು. ಗುಂಡಿನ ಖರ್ಚೂ 9 ಮಿಲಿಮೀಟರಿನ ಅರ್ಧಕ್ಕೆ ಬರುವುದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋ ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯಲ್ಲಿ ನಿಂತದ್ದೂ ಪಾಯಿಂಟ್ 22 ಹಿಡಿದೇ. ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮಾತ್ರ ಪೈಪ್ ಜೋಡಿಸಲು ಬಂದ ಪ್ಲಂಬರ್ ಎಂದು ನೆರೆಯವರು ಕರೆಯುತ್ತಾರೆ.

ಬಚ್ಚಿಡುವುದಕ್ಕೆ ಒಳ್ಳೆಯದು ಇದರ ತದ್ವಿರುದ್ಧ. 2018ರಲ್ಲಿ ಬಂದ ಸಿಗ್ ಪಿ365 ಸುಮಾರು ಅರ್ಧ ಕಿಲೋ, ಅಂಗೈಗಿಂತ ಕೊಂಚ ದೊಡ್ಡದು, ಹತ್ತು ಗುಂಡು ನುಂಗುತ್ತದೆ. ಅದಕ್ಕಿಂತ ಹಗುರ ಸ್ಮಿತ್ ಆಂಡ್ ವೆಸನ್ನಿನ ಏರ್‌ವೇಟ್ ರಿವಾಲ್ವರ್: ಐದೇ ಗುಂಡು, ಗೇಣುದ್ದವೂ ಇಲ್ಲ. "ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ, ಪುಟ್ಟದೇ ಒಳ್ಳೇದು" ಎಂದು ಅದನ್ನು ಗುಲಾಬಿ ಹಿಡಿಯ ಸಮೇತ ಮುಂದಿಡುವ ಅಂಗಡಿಯವನು ನ್ಯೂಟನ್‌ನ ಮೂರನೆಯ ನಿಯಮವನ್ನು ಕೌಂಟರಿನ ಕೆಳಗೆ ಬಚ್ಚಿಟ್ಟಿರುತ್ತಾನೆ. ಗುಂಡು ಮುಂದಕ್ಕೆ ಹೋದಷ್ಟೇ ಜೋರಿನಲ್ಲಿ ಪಿಸ್ತೂಲು ಹಿಂದಕ್ಕೆ ಬರಬೇಕು, ಹಗುರವಾದಷ್ಟೂ ವೇಗವಾಗಿ. ಮೇಲಾಗಿ ಅದರ ಟ್ರಿಗರ್ ಎಳೆಯಲು ಐದು ಕಿಲೋ ಎತ್ತುವ ಬೆರಳು ಬೇಕು. ಎಲ್ಲಕ್ಕಿಂತ ಹೊಡೆಯಲು ಕಷ್ಟವಾದದ್ದನ್ನು ಎಲ್ಲಕ್ಕಿಂತ ಕಡಿಮೆ ತಿಳಿದವರಿಗೆ ಕೊಡುವ ಈ ಪದ್ಧತಿಗೆ ವ್ಯಾಪಾರ ಎಂಬುದರ ಹೊರತು ಬೇರೆ ಹೆಸರು ಪ್ರಬಂಧಕಾರನಿಗೆ ತೋಚದು.

ಮಧ್ಯಮ ಮಾರ್ಗಿಗಳೂ ಇದ್ದಾರೆ. 1988ರ ಗ್ಲಾಕ್ 19 ಅವರ ಆರಾಧ್ಯದೈವ: ಹದಿನೈದು ಗುಂಡು, ನಾಲ್ಕಂಗುಲದ ನಳಿಗೆ. ರೇಂಜಿನಲ್ಲಿ ಚಿಕ್ಕದೆನಿಸುತ್ತದೆ, ಸೊಂಟದಲ್ಲಿ ದೊಡ್ಡದೆನಿಸುತ್ತದೆ. ಒಂದೇ ಒಂದು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುವುದು ಬಹುಮತ. ಪ್ರಬಂಧಕಾರನ ಸಿದ್ಧಾಂತ ಬೇರೆ: ಮೊದಲನೆಯದು ಪಾಯಿಂಟ್ 22 ಆಗಬೇಕು, ಅದೂ ರೇಂಜಿನಲ್ಲಿ ಬಾಡಿಗೆಗೆ ಸಿಗುವಾಗ ಕೊಳ್ಳುವ ಆತುರವಿಲ್ಲ.

ಕೌಂಟರಿನ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಗಡಿಯವನು ಮ್ಯಾಗಜೀನ್ ಕೆಳಗಿಳಿಸಿ, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರುವ ಕೋಣೆಯೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ತೂರಿಸಿ ಖಾಲಿಯೆಂದು ಖಾತ್ರಿ ಮಾಡಿಕೊಂಡು, ಹಿಡಿಯನ್ನು ಮುಂದೆ ಮಾಡಿ ಕೊಡುತ್ತಾನೆ. ನಮ್ಮ ಬಸವನಗುಡಿಯ ಅಧಿಕಾರಿ ಬಲಗೈಯಿಂದ ತೆಗೆದುಕೊಳ್ಳುತ್ತಾನೆ. ನಲವತ್ತು ಆಯುಧಪೂಜೆ ಕಂಡ ದೇಹ; ಕೈ ತನ್ನಷ್ಟಕ್ಕೇ ಮೇಲೆದ್ದು ಪಿಸ್ತೂಲನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತದೆ, ನಳಿಗೆಯ ಕಡೆಯಿಂದ. ಬಂದೂಕು ಯಾವಾಗಲೂ ತುಂಬಿದೆಯೆಂದೇ ತಿಳಿ, ನಾಶ ಮಾಡಲು ಒಪ್ಪದ ಯಾವುದರತ್ತಲೂ ನಳಿಗೆ ತಿರುಗಿಸಬೇಡ, ಗುರಿ ಕೂರುವ ತನಕ ಟ್ರಿಗರಿನ ಮೇಲೆ ಬೆರಳಿಡಬೇಡ, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಲಿ ಎಂದು ನಾಲ್ಕು ನಿಯಮ ಕಟ್ಟಿದ ಮಾಜಿ ಮರೀನ್ ಜೆಫ್ ಕೂಪರ್‌ಗೆ ಈ ಭಕ್ತಿಮಾರ್ಗದ ಕಲ್ಪನೆ ಇರಲಾರದು. ಅಂಗಡಿಯವನು ಕೌಂಟರಿನ ಮೇಲಿಂದಲೇ ಬಗ್ಗಿ ಕೈ ಹಿಡಿದು ಕೆಳಗಿಳಿಸುತ್ತಾನೆ. ಆ ದಿನ ಖರೀದಿ ಆಗುವುದಿಲ್ಲ.

ಸಂಬಂಧ ಎಂಬ ನಾಲ್ಕನೆಯ ಪ್ರಕರಣದಲ್ಲಿ ಪಿಸ್ತೂಲಿಗೂ ಉಡುಪಿಗೂ ಇರುವ ಸಂಬಂಧವೇ ಪ್ರಧಾನ. ಟೆಕ್ಸಸ್‌ನಲ್ಲಿ ಹೋಲ್‌ಸ್ಟರಿನಲ್ಲಿಟ್ಟು ಬಹಿರಂಗವಾಗಿಯೂ ಒಯ್ಯಬಹುದು, ಮುಚ್ಚಿಯೂ ಒಯ್ಯಬಹುದು. ಅಂಗಿಯೊಳಗಿಂದ ಅದರ ಆಕಾರ ಅರ್ಧಂಬರ್ಧ ಎದ್ದು ಕಾಣುವುದು ಮಾತ್ರ ಸಭ್ಯರಿಗೆ ನಾಚಿಕೆಗೇಡು. ಹೀಗಾಗಿ ಒಂದು ಅಳತೆ ದೊಡ್ಡ ಪ್ಯಾಂಟು, ದಪ್ಪ ಬೆಲ್ಟು, ಇನ್‌ಶರ್ಟ್ ಮಾಡದ ಅಂಗಿ ಎಲ್ಲ ಹೊಸದಾಗಿ ಬೇಕು. ಈ ಪ್ರಕರಣದ ಅತ್ಯಂತ ತೀಕ್ಷ್ಣ ಆಕ್ಷೇಪ ಬಂದದ್ದು ಅಧಿಕಾರಿಯ ಮನೆಯೊಳಗಿಂದಲೇ.

"ಅಲ್ಲಾ ರೀ, ಗಣೇಶನ ಹಬ್ಬಕ್ಕೆ ಪಂಚೆ ಉಟ್ಕೊಂಡಾಗ ಇದನ್ನ ಎಲ್ಲಿ ಸಿಗಿಸ್ಕೋತೀರಾ?"

"ಬೆಲ್ಟ್ ಹಾಕ್ಕೊಂಡ್ರಾಯ್ತು."

"ಪಂಚೆ ಮೇಲೆ ಬೆಲ್ಟ್ ನೋಡಿದ್ರೆ ಪಿಸ್ತೂಲ್ ಇದೆ ಅಂತ ಪುರೋಹಿತ್ರಿಗೂ ಗೊತ್ತಾಗತ್ತೆ."

ನಮಸ್ಕಾರದ ಸಮಸ್ಯೆ ಇನ್ನೂ ಜಟಿಲ. ಬಲಸೊಂಟದ ಹಿಂಭಾಗದಲ್ಲಿ ಸಿಕ್ಕಿಸಿಕೊಂಡವನು ಹಿರಿಯರ ಕಾಲು ಮುಟ್ಟಲು ಬಗ್ಗಿದರೆ ಅಂಗಿ ಮೇಲೇರಿ ರಹಸ್ಯ ಬಯಲಾಗುತ್ತದೆ. ಹೊಟ್ಟೆಯ ಮುಂದೆ ಸಿಕ್ಕಿಸಿಕೊಂಡವನು ಸಾಷ್ಟಾಂಗ ಹಾಕಿದರೆ ನಳಿಗೆ ಯಾವ ಅಂಗದತ್ತ ತಿರುಗುತ್ತದೆಂಬುದನ್ನು ಯೋಚಿಸಿ ಹಲವರು ಕೈಮುಗಿಯುವುದಕ್ಕೇ ತೃಪ್ತರಾಗಿದ್ದಾರೆ.

ಬಾಗಿಲುಗಳ ಮೇಲಿನ ಶಾಸನಗಳನ್ನೂ ಓದಲು ಕಲಿಯಬೇಕು. ಪರವಾನಗಿ ಪಡೆದವರಿಗೆ, ಬಚ್ಚಿಟ್ಟ ಪಿಸ್ತೂಲನ್ನು ಒಳಗೆ ತರಬೇಡಿ ಎನ್ನುವುದು 30.06ನೆಯ ಕಲಮಿನ ಫಲಕ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇದ್ದು, ಅಕ್ಷರ ಕನಿಷ್ಠ ಒಂದಿಂಚು ಎತ್ತರ ಇರಬೇಕು. ಅಮೆರಿಕದ ಪ್ರಖ್ಯಾತ ಬೇಟೆ ತೋಟಾದ ಹೆಸರೂ ಅದೇ ಅಂಕಿಗಳದ್ದು. ಕಾನೂನು ಬರೆದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ. ಬಾರುಗಳ ಮುಂದೆ ಕೆಂಪು 51 ಇರುತ್ತದೆ: ಆದಾಯದ ಶೇ 51 ಅಥವಾ ಹೆಚ್ಚು ಮದ್ಯದಿಂದಲೇ ಬರುವ ಜಾಗಕ್ಕೆ ಪಿಸ್ತೂಲಿಗೆ ಪ್ರವೇಶವಿಲ್ಲ. ಬಿರಿಯಾನಿಯೂ ಬಿಯರೂ ಸಿಗುವ ಹೋಟೆಲಿನ ಲೆಕ್ಕಪತ್ರ ಎರಡು ಪ್ಲೇಟು ಅತ್ತಿತ್ತಾದರೆ ಗಿರಾಕಿಯ ಧರ್ಮವೂ ಬದಲಾಗುತ್ತದೆ. ಐಚ್ಛಿಕ ಪರವಾನಗಿ ಬೇಕೆನ್ನುವವರಿಗೆ ಪರೀಕ್ಷೆಯೂ ಉಂಟು: 3, 7, 15 ಗಜಗಳಿಂದ ಐವತ್ತು ಗುಂಡು, 250ಕ್ಕೆ 175 ಅಂಕ. ಐದರಲ್ಲಿ ಎರಡು ಪಾಲು ಅಂಕಗಳು ಮೂರೇ ಗಜದ ದೂರಕ್ಕೆ ಸಿಕ್ಕಿಬಿಡುತ್ತವೆ. ಪಿಯುಸಿ, ಸಿಇಟಿ ಬರೆದವರು ಇದಕ್ಕೆ ಟ್ಯೂಶನ್ ಹೋಗಬೇಕಾಗಿಲ್ಲ.

ಇಲ್ಲೊಂದು ಪೂರ್ವಪಕ್ಷವನ್ನು ಅಣಕವಿಲ್ಲದೆ ಎತ್ತಬೇಕು. ಇಷ್ಟೆಲ್ಲ ಹೊರಗಿನ ಕಳ್ಳನಿಗಾಗಿ ಅಷ್ಟೆ? 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅದರಲ್ಲಿ 26,328 ಆತ್ಮಹತ್ಯೆಗಳು. ಯಾವ ಗಾತ್ರದ ಗುಂಡು ಎಂಬ ಚರ್ಚೆಗೆ ಕೊಟ್ಟ ಹೊತ್ತಿನ ಕಾಲುಭಾಗವನ್ನು ಪಿಸ್ತೂಲಿನ ತಿಜೋರಿ ಯಾವುದು, ಅದರ ಬೀಗದ ಸಂಖ್ಯೆ ಯಾರಿಗೆ ಗೊತ್ತು ಎಂಬುದಕ್ಕೆ ಕೊಟ್ಟವರು ಕಡಿಮೆ. ಹದಿನೇಳು ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಪಿಸ್ತೂಲು ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲೂ ಅಪರಾಧವೇ. ತಿಜೋರಿ ಮೊದಲು, ಪಿಸ್ತೂಲು ಆಮೇಲೆ.

ಕೊನೆಯದಾಗಿ ಪ್ರಯಾಣ ಪ್ರಕರಣ. ರೇಂಜಿಗೆ ಒಯ್ಯುವ ಚೀಲವನ್ನೇ ಊರಿಗೂ ಒಯ್ಯುವ ಅಭ್ಯಾಸದವರ ಚೀಲದ ಮೂಲೆಯಲ್ಲಿ ಒಂದು 9 ಮಿ.ಮೀ. ಗುಂಡು ಉಳಿದುಹೋಗುತ್ತದೆ. ಡಾಲಸ್‌ನಲ್ಲಿ ಯಾರ ಕಣ್ಣಿಗೂ ಬೀಳದ್ದು ರಜೆ ಮುಗಿಸಿ ಹೊರಟಾಗ ಕೆಂಪೇಗೌಡ ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಭಾರತದಲ್ಲಿ 9 ಮಿ.ಮೀ. ಜನಸಾಮಾನ್ಯರಿಗೆ ನಿಷಿದ್ಧ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳುತ್ತದೆ. ವೇದಾಂತ ಆಗ ನೆರವಿಗೆ ಬರುತ್ತದೆ. ಸ್ವಾಧೀನ ಎಂದರೆ ಅದು ತನ್ನಲ್ಲಿದೆ ಎಂಬ ಅರಿವೂ ಕೂಡಿರಬೇಕೆಂದು 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅರಿಯದೆ ಉಳಿದ ಒಂಟಿ ಗುಂಡಿನ ಕೇಸುಗಳನ್ನು ಹೈಕೋರ್ಟುಗಳು ರದ್ದು ಮಾಡಿದ್ದೂ ಉಂಟು. ಅದು ತಿಂಗಳುಗಳ ಮಾತು. ಅಲ್ಲಿಯವರೆಗೆ ವಿಮಾನ ಹೋಗಿರುತ್ತದೆ, ಅಧಿಕಾರಿ ಠಾಣೆಯ ಬೆಂಚಿನಲ್ಲಿರುತ್ತಾನೆ, ಮಹಜರಿನಲ್ಲಿ ಸಜೀವ ಗುಂಡು ಒಂದು ಎಂದು ಬರೆದ ಹೆಡ್ ಕಾನ್‌ಸ್ಟೆಬಲ್, ಅದರ ಪಕ್ಕದಲ್ಲೇ ಸಿಕ್ಕ ಸ್ಟೀಲ್ ಡಬ್ಬದ ಮುಚ್ಚಳ ತೆಗೆದು ಮೂಸಿ ಕೇಳುತ್ತಾರೆ: "ಈ ಚಟ್ನಿಪುಡಿ ನಿಮ್ಮ ಬ್ಯಾಗಲ್ಲಿದೆ ಅಂತಾದ್ರೂ ಗೊತ್ತಿತ್ತಾ ಸಾರ್?"