ಮಳೆ ಲೆಕ್ಕದ ಲಾಭ

ಮಳೆಯನ್ನು ಅಳೆಯುವುದರಿಂದ ಮಳೆ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಈ ಸತ್ಯವನ್ನು ನನಗೆ ಮೊದಲು ತಿಳಿಸಿದವಳು ನನ್ನ ಹೆಂಡತಿ. ಆಮೇಲೆ ಊರಿನವರು ಒಬ್ಬೊಬ್ಬರಾಗಿ ಬಂದು, ಕಾಫಿ ಕುಡಿದು, ಅದನ್ನೇ ತಿಳಿಸಿ ಹೋದರು. ಆದರೂ ಅಂಗಳದಾಚೆಯ ಬಯಲಿನಲ್ಲಿ ಮಳೆಮಾಪಕ ನಿಂತಿದೆ. ಜಗಲಿಯ ಗೂಡಿನಲ್ಲಿ ಲೆಕ್ಕದ ಪುಸ್ತಕವಿದೆ, ಅದಕ್ಕೊಂದು ದಾರ, ದಾರದ ತುದಿಗೆ ಪೆನ್ಸಿಲ್. ಪೆನ್ನು ಇಡುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಹಸಿ ಹಪ್ಪಳದಂತೆ ಮೆತ್ತಗಾಗಿರುತ್ತದೆ. ಶಾಯಿಯಲ್ಲಿ ಬರೆದ 38 ಎರಡು ದಿನದಲ್ಲಿ ಊದಿಕೊಂಡು 88 ಆಗುತ್ತದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಇಲ್ಲಿ ಮಳೆ ಲೆಕ್ಕ ಇಡುವವನಿಗೆ ಒಂದು ಹುಟ್ಟುಕಷ್ಟವಿದೆ: ಆಗುಂಬೆಯೂ ಇದೇ ತಾಲ್ಲೂಕಿನಲ್ಲಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಸಿಕೊಳ್ಳುವ ಊರು ಮಗ್ಗುಲಲ್ಲಿರುವಾಗ ನಮ್ಮ ಮಳೆಯನ್ನು ಯಾರು ಕೇಳುತ್ತಾರೆ? ‘ನಿನ್ನೆ ನಮ್ಮಲ್ಲಿ 120’ ಎಂದು ಎದೆಯುಬ್ಬಿಸಿ ಹೇಳಿದರೆ, ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಗುರುತಿಲ್ಲದವರೂ ‘ಆಗುಂಬೇಲಿ ಎಷ್ಟಂತೆ?’ ಎನ್ನುತ್ತಾರೆ. ಆಗುಂಬೆಯವರಾದರೂ ಸುಖವಾಗಿದ್ದಾರೆಯೇ ಎಂದರೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ಎಷ್ಟೋ ಸಲ ಅವರನ್ನು ಹಿಂದೆ ಹಾಕಿದೆ. ಹುಲಿಕಲ್ಲಿನವರು ಮೀಸೆ ತಿರುವಿದರೆ ಚಿರಾಪುಂಜಿಯ ಹೆಸರು ಹೇಳಿದರೆ ಸಾಕು. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಒಂದು ವರ್ಷದಲ್ಲಿ ಅಲ್ಲಿ ಬಿದ್ದದ್ದು 26,461 ಮಿಲಿಮೀಟರ್. ಹೀಗೆ ಯಾವ ಗುರುವಿನ ಕಾಲೂ ಹಿಡಿಯದೆ, ಯಾವ ಪ್ರವಚನಕ್ಕೂ ಹೋಗದೆ, ಮನೆಯಲ್ಲೇ ಕೂತು ಅಹಂಕಾರ ಇಳಿಸಿಕೊಳ್ಳುವ ಸೌಲಭ್ಯ ಈ ಹವ್ಯಾಸದಲ್ಲಿದೆ. ಇದನ್ನು ಮೊದಲನೆಯ ಲಾಭವೆಂದು ಬರೆದುಕೊಳ್ಳಬಹುದು.

ಮಳೆಯ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಸೂರ್ಯೋದಯಕ್ಕೂ ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗೆ. ಗ್ರೀನ್‌ವಿಚ್ ಕಾಲಮಾನದಲ್ಲಿ ಆಗ ಸರಿಯಾಗಿ ಮುಂಜಾನೆ ಮೂರು ಗಂಟೆ. ಅಲ್ಲಿಯವರು ಹೊದ್ದು ಮಲಗಿರುವ ಹೊತ್ತಿನಲ್ಲಿ ನಾನು ಕೊಡೆ ಹಿಡಿದು ಗದ್ದೆ ಬದುವಿನ ಮೇಲೆ ಹೊರಡುತ್ತೇನೆ. ಮಾಪಕವನ್ನು ಮನೆ ಬಾಗಿಲಿಗೇ ಇಟ್ಟುಕೊಳ್ಳಬಾರದೇ ಎಂದರೆ, ಆಗದು. ಮರವಾಗಲಿ ಮಾಡಾಗಲಿ, ಅದರ ಎತ್ತರದ ದುಪ್ಪಟ್ಟು ದೂರದಲ್ಲಾದರೂ ಇರಬೇಕು. ಅಷ್ಟು ದೂರ ನಡೆದು ಬರುವಷ್ಟರಲ್ಲಿ ಎರಡೋ ಮೂರೋ ಉಂಬಳ ಕಾಲಿಗೆ ಹತ್ತಿರುತ್ತವೆ. ವೈದ್ಯರು ಬೆಳಗಿನ ನಡಿಗೆ ಒಳ್ಳೆಯದು ಎನ್ನುತ್ತಾರೆ. ನನ್ನದು ರಕ್ತದಾನವೂ ಸೇರಿದ ನಡಿಗೆ.

ಆಲಿಕೆಯ ಒಳಗೆ ಏನಿರುತ್ತದೆ ಎಂಬುದು ದಿನಕ್ಕೊಂದು ಕುತೂಹಲ. ಎಲೆ, ಇರುವೆ, ಗಾಳಿಗೆ ಹಾರಿ ಬಂದ ಹಿಂಗಾರದ ಹೂ. ಒಮ್ಮೊಮ್ಮೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪೆಯೊಂದು ಆಲಿಕೆಯ ತೂತಿಗೇ ಕುಂಡೆ ಊರಿ, ಜಗತ್ತಿನ ಮಳೆಯೆಲ್ಲ ತನ್ನ ಅಪ್ಪಣೆಯಿಂದಲೇ ಇಳಿಯಬೇಕೆಂಬ ಗತ್ತಿನಲ್ಲಿ ಕೂತಿರುತ್ತದೆ. ಅದನ್ನು ಎತ್ತಿದರೆ ಹೋಗುವಾಗ ತನ್ನ ಕಾಣಿಕೆಯನ್ನೂ ಸಲ್ಲಿಸಿ ಹೋಗುತ್ತದೆ. ಆ ಕಾಣಿಕೆಯನ್ನು ಒಟ್ಟು ಮೊತ್ತದಿಂದ ಕಳೆಯಬೇಕೇ ಬೇಡವೇ ಎಂಬ ಬಗ್ಗೆ ಇಲಾಖೆಯ ಯಾವ ಸುತ್ತೋಲೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಜೋರು ಮಳೆಯ ದಿನ ಅಳತೆ ಗ್ಲಾಸು ಒಂದು ಸಲಕ್ಕೆ ಸಾಲದು. ತುಂಬಿಸಿ, ಚೆಲ್ಲಿ, ಲೆಕ್ಕ ಕೂಡಿಸುತ್ತ ಹೋಗಬೇಕು. ಇಪ್ಪತ್ತು, ನಲವತ್ತು, ಅರವತ್ತು ಎಂದು ಬಾಯಲ್ಲೇ ಎಣಿಸುತ್ತಿರುವಾಗ ಅಡಿಗೆಮನೆಯ ಕಿಟಕಿಯಿಂದ ಕೂಗು ಬರುತ್ತದೆ: ‘ಕಾಯಿ ಒಂದು ಕಡಿ ಸಾಕಾ, ಎರಡು ಬೇಕಾ?’ ‘ಎಂಬತ್ತು!’ ಎನ್ನುತ್ತೇನೆ. ಆ ದಿನದ ಪಲ್ಯಕ್ಕೆ ಕಾಯಿಯೇ ಬೀಳುವುದಿಲ್ಲ.

ಮಳೆ ಅಳೆಯುವುದೇನೂ ಹೊಸ ಹುಚ್ಚಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಮಾತಿದೆ: ಸರ್ಕಾರಿ ಕಣಜದ ಮುಂದೆ ಒಂದು ಮೊಳದಷ್ಟು ಬಾಯಗಲದ ಪಾತ್ರೆಯನ್ನು ಮಳೆ ಅಳೆಯಲೆಂದೇ ಇಡಬೇಕು. ಕೊರಿಯಾದ ಸೆಜೊಂಗ್ ದೊರೆಯ ಕಾಲದಲ್ಲಿ, 1441-42ರ ಹೊತ್ತಿಗೆ, ಒಂದೇ ಅಳತೆಯ ಮಾಪಕಗಳನ್ನು ಮಾಡಿಸಿ ಊರೂರಿಗೆ ಕಳಿಸಿದ್ದರು. ಇವರದ್ದೆಲ್ಲ ಕಣಜದ, ಕಂದಾಯದ ಚಿಂತೆ. ಹೊಟ್ಟೆಪಾಡಿಲ್ಲದೆ ಖುಷಿಗೆ ಅಳೆಯುವವರ ಕುಲದೈವ ಬೇರೆ: ಇಂಗ್ಲೆಂಡಿನ ಜಾರ್ಜ್ ಜೇಮ್ಸ್ ಸೈಮನ್ಸ್. 1860ರಲ್ಲಿ ಶುರುಮಾಡಿ, ಕಾಗದ ಬರೆದು ಬರೆದು ಜನರನ್ನು ಕಾಡಿ, 1900ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಈ ಬಿಟ್ಟಿ ಚಾಕರಿಗೆ ಹಚ್ಚಿದ್ದ. ಅಷ್ಟೂ ಮನೆಗಳ ಅಡಿಗೆಮನೆ ಕಿಟಕಿಗಳನ್ನು ನೆನೆದರೆ ನನಗೆ ಎಷ್ಟೋ ಸಮಾಧಾನ.

ನನ್ನ ಲೆಕ್ಕವನ್ನಂತೂ ಸರ್ಕಾರ ಕೇಳಿಲ್ಲ. ನಮ್ಮ ಪಂಚಾಯಿತಿ ಕಟ್ಟಡದ ಬಳಿ ತಾನೇ ಅಳೆದು ಬೆಂಗಳೂರಿಗೆ ಸುದ್ದಿ ಕಳಿಸುವ ಯಂತ್ರವಿದೆ. ಅದಕ್ಕೆ ಉಂಬಳ ಹತ್ತುವುದಿಲ್ಲ, ಮದುವೆ ಮುಂಜಿಗಳಿಗೆ ಹೋಗುವ ಕಟ್ಟುಪಾಡೂ ಇಲ್ಲ. ಯಾರಿಗೂ ಬೇಡವಾದ ಕೆಲಸವನ್ನು ಚಾಚೂ ತಪ್ಪದೆ ಮಾಡುವುದರಲ್ಲಿ ಒಂದು ದೊಡ್ಡಸ್ತಿಕೆ ಇದೆ. ತೋಟದಲ್ಲಿ ಕೊಳೆ ಬಂದರೆ ಸೊಸೈಟಿಯವರಿಗೆ, ಬ್ಯಾಂಕಿನವರಿಗೆ, ಮನೆಯವರಿಗೆ ಸಮಜಾಯಿಷಿ ಹೇಳಬೇಕು. ಮಳೆ ಪುಸ್ತಕಕ್ಕೆ ಮಾತ್ರ ಆಡಿಟ್ ಇಲ್ಲ. ಹಾಗಿದ್ದೂ ಒಂದು ಅಂಕಿಯನ್ನೂ ಅಂದಾಜಿನಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ಬೇರೆಲ್ಲ ಕಡೆ ಹೊಂದಿಸಿಕೊಂಡು ಹೋಗುವ ನಾನು ಇಲ್ಲಿ ಹರಿಶ್ಚಂದ್ರ. ಬೇಸಿಗೆಯಲ್ಲಿ ಕೂಡ ದಿನಾ ಹೋಗಿ ನೋಡಿ ಸೊನ್ನೆ ಬರೆಯುತ್ತೇನೆ. ‘ಸೊನ್ನೆ ಬರೆಯೋದಕ್ಕೆ ಅಲ್ಲಿವರೆಗೆ ಹೋಗ್ಬೇಕಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ಹೋಗಬೇಕು. ಜಾಗ ಖಾಲಿ ಬಿಟ್ಟರೆ ನಾನು ನೋಡಲಿಲ್ಲ ಎಂದರ್ಥ. ಸೊನ್ನೆ ಬರೆದರೆ ನಾನು ನೋಡಿದೆ, ಮಳೆಯೇ ಇರಲಿಲ್ಲ ಎಂದರ್ಥ. ಎರಡಕ್ಕೂ ಇರುವ ಅಂತರ ಏನೆಂದು ಬ್ಯಾಂಕ್ ಪಾಸ್‌ಬುಕ್ ಇರುವ ಯಾರಿಗಾದರೂ ಗೊತ್ತು.

ಇಂಥ ಹವ್ಯಾಸಕ್ಕೆ ಒಬ್ಬ ಎದುರಾಳಿ ಬೇಕು. ದೇವರ ದಯದಿಂದ ಕೆಳಮನೆ ಭಾವ ಇದ್ದಾನೆ. ಕೊಪ್ಪದ ಕಡೆಯ ಕಾಫಿ ತೋಟದ ನಂಟರಿಂದ ಅವನಿಗೆ ಮಾಪಕ ಬಂದದ್ದರಿಂದ ಅವನ ಲೆಕ್ಕವೆಲ್ಲ ತೋಟದವರ ಹಾಗೆ ಇಂಚು, ಸೆಂಟುಗಳಲ್ಲಿ. ಎಂಟು ಮೂವತ್ತೈದಕ್ಕೆ ಫೋನ್ ಮಾಡಿ ‘ನಾಲ್ಕು ಇಂಚು ಮೂವತ್ತು ಸೆಂಟು ಭಾವ, ನಿಂದು?’ ಎನ್ನುತ್ತಾನೆ. ನಾನು 25.4ರಿಂದ ಗುಣಿಸುವಷ್ಟರಲ್ಲಿ ಅವನು ಗೆದ್ದ ಖುಷಿಯಲ್ಲಿ ಫೋನ್ ಇಟ್ಟಾಗಿರುತ್ತದೆ. ನಡುವೆ ಇರುವುದು ಒಂದು ಗುಡ್ಡ. ಆದರೂ ಅವನ ಮಳೆ ಯಾವಾಗಲೂ ನನ್ನದಕ್ಕಿಂತ ಒಂದು ಕೈ ಮೇಲು. ಅವನ ಮಾಪಕದ ಮೇಲೆ ಹಲಸಿನ ಕೊಂಬೆ ಚಾಚಿದೆ, ಅದರ ತೊಟ್ಟಿಕ್ಕುವ ನೀರೂ ಸೇರುತ್ತದೆ ಎಂಬುದು ನನ್ನ ಗುಮಾನಿ. ಕೊಂಬೆ ಕಡಿಯಲು ನಾನೇ ಆಳು ಕಳಿಸುತ್ತೇನೆ ಎಂದರೂ ಒಪ್ಪುತ್ತಿಲ್ಲ. ಆದರೆ ಒಂದು ದಿನ ಅವನ ಫೋನ್ ಬಾರದಿದ್ದರೆ ನನಗೆ ತಿಂಡಿ ಇಳಿಯುವುದಿಲ್ಲ.

ಬೆಂಗಳೂರಿನ ಮಗನ ಫೋನೂ ಈ ಲೆಕ್ಕದ ಬಾಬ್ತೇ. ಮೊದಲೆಲ್ಲ ‘ಆರಾಮಾ ಅಪ್ಪಯ್ಯ?’ ‘ಹೂಂ, ಆರಾಮು.’ ‘ಊಟ ಆಯ್ತಾ?’ ‘ಆಯ್ತು, ತಗೋ ಅಮ್ಮಂಗೆ ಕೊಡ್ತೆ.’ ಅಲ್ಲಿಗೆ ತಂದೆ ಮಗನ ಮಾತುಕತೆ ಸಮಾಪ್ತಿ. ಈಗ ಅವನು ‘ಎಷ್ಟು ಬಂತು?’ ಎಂದು ಕೇಳುತ್ತಾನೆ. ಎಷ್ಟು ಬಂತು ಎಂದಮೇಲೆ ಹಳ್ಳ ಎಲ್ಲಿವರೆಗೆ ಏರಿತು, ಸಂಕ ಉಳಿಯಿತಾ, ಸೀತಾಳೆ ದಂಡೆ ಹೂ ಬಿಟ್ಟಿತಾ ಎಂದು ಮಾತು ಬೆಳೆಯುತ್ತದೆ. ಅವನೂ ಅಲ್ಲಿನ ಮಳೆ ಹೇಳುತ್ತಾನೆ, ಆದರೆ ಮಿಲಿಮೀಟರಿನಲ್ಲಲ್ಲ. ಆಫೀಸಿನಿಂದ ಮನೆಗೆ ಬರಲು ಹಿಡಿದ ಗಂಟೆಗಳಲ್ಲಿ.

ಊರಿನಲ್ಲಿ ನನಗೆ ಬಂದ ಗೌರವದ ಕಥೆ ಇನ್ನೂ ವಿಚಿತ್ರ. ಅಡಿಕೆಗೆ ಬೋರ್ಡೋ ಹೊಡೆಯಬೇಕಾದರೆ ಸ್ವಲ್ಪ ಹೊತ್ತಾದರೂ ಹೊಳವು ಬೇಕು. ಹೊಡೆದ ಮದ್ದು ಗೊನೆಯ ಮೇಲೆ ಒಣಗಬೇಕು. ಹಾಗಾಗಿ ಮರ ಹತ್ತುವವನು ಸಿಕ್ಕಿದ ತಕ್ಷಣ ಜನ ನನಗೆ ಫೋನ್ ಮಾಡುತ್ತಾರೆ: ‘ನಾಳೆ ಹೆಂಗೆ ಮಾರಾಯ್ರೇ?’ ನಾನು ಬರೆದಿಡುವುದು ನಿನ್ನೆಯದು. ಆದರೆ ನಿನ್ನೆಯ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇಟ್ಟವನಿಗೆ ನಾಳೆಯದೂ ಗೊತ್ತಿರಲೇಬೇಕೆಂದು ಅವರ ನಂಬಿಕೆ. ನಾನು ಪುಸ್ತಕದ ಹಾಳೆ ಮಗುಚುವ ಸದ್ದು ಅವರಿಗೆ ಕೇಳುವಂತೆ ಮಾಡಿ, ಕೊಂಚ ಮೌನ ತಾಳಿ, ‘ಬಂದರೂ ಬರಬಹುದು, ಹಾಗಂತ ಬಿಡಬೇಡಿ’ ಎನ್ನುತ್ತೇನೆ. ಈ ಭವಿಷ್ಯ ಇಂದಿನವರೆಗೆ ಸುಳ್ಳಾಗಿಲ್ಲ.

ಆದರೆ ಕಳೆದುಹೋದ ಮಳೆಯ ಬಗ್ಗೆ ಸತ್ಯ ಹೇಳುವುದು ಅಪಾಯ. ಒಂದು ಸೀಮಂತದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ತಮ್ಮ ಮಗಳ ಮದುವೆಯ ದಿನದ ಮಳೆ ಬಣ್ಣಿಸುತ್ತಿದ್ದರು: ಚಪ್ಪರ ಎದ್ದು ಹಾರಿ ಅಡಿಕೆ ಮರಕ್ಕೆ ಸಿಕ್ಕಿಕೊಂಡದ್ದು, ಸಾರಿನ ಕಡಾಯಿ ತುಂಬಿ ಹರಿದರೂ ಸಾರು ಕಡಿಮೆಯಾಗದ್ದು, ವರನ ಕಡೆಯವರು ದಿಬ್ಬಣದ ಬಸ್ಸಿನಲ್ಲೇ ಉಂಡದ್ದು. ಅವರ ತಮ್ಮ ‘ಅಷ್ಟೇನಿರಲಿಲ್ಲ’ ಎಂದ. ಮಾತಿಗೆ ಮಾತು ಬೆಳೆದು ತೀರ್ಪಿಗೆ ನನ್ನ ಪುಸ್ತಕ ತರಿಸಿದರು. ಆ ತಾರೀಖಿನ ಎದುರು ಸೊನ್ನೆ. ಮಧ್ಯಾಹ್ನದ ಮಳೆ ಮರುದಿನದ ಲೆಕ್ಕಕ್ಕೆ ಬರುತ್ತದಲ್ಲ ಎಂದು ಆಸೆಯಿಂದ ಕೆಳಗಿನ ಸಾಲು ನೋಡಿದೆ. 2 ಮಿಲಿಮೀಟರ್. ಇಲಾಖೆಯ ನಿಯಮದಂತೆ ಎರಡೂವರೆ ಮಿಲಿಮೀಟರಾದರೂ ಬೀಳದೆ ಅದನ್ನು ಮಳೆಯ ದಿನವೆಂದೇ ಎಣಿಸುವುದಿಲ್ಲ. ಪಂಕ್ತಿ ಪೂರ್ತಿ ಕೈ ಎತ್ತಿ ನನ್ನನ್ನೇ ನೋಡುತ್ತಿತ್ತು. ಹಿರಿಯರ ಮುಖ ನೋಡಿದೆ. ಇಷ್ಟು ವರ್ಷ ಹೇಳಿ ಹೇಳಿ ನುಣುಪಾದ ಕಥೆ. ‘ಈ ಪುಟ ಗೆದ್ದಲು ತಿಂದಿದೆ’ ಎಂದು ಪುಸ್ತಕ ಮುಚ್ಚಿದೆ. ಹೋಳಿಗೆ ಬಡಿಸುವವರು ಬಂದರು. ನನ್ನ ಎಲೆಗೆ ಎರಡು ಬಿತ್ತು.

ನಕ್ಷತ್ರಗಳ ಲೆಕ್ಕವನ್ನೂ ನಾನು ಬೇರೆಯಾಗಿ ಕೂಡಿಸುತ್ತೇನೆ. ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ, ಜುಲೈ 20ರ ಹೊತ್ತಿಗೆ ಪುಷ್ಯ, ಆಗಸ್ಟ್ ನಡುವಿಗೆ ಮಘೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನದ ಆಳ್ವಿಕೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುವ ಗಾದೆಯನ್ನು ಅಂಕಿಗಳ ಕಟಕಟೆಗೆ ಹತ್ತಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಗಾದೆ ಕಟ್ಟಿದವರು ನನಗಿಂತ ಬುದ್ಧಿವಂತರು. ಎಷ್ಟು ಬಿದ್ದರೆ ಆರಿದ್ರಾ ಆದಂತೆ ಎಂದು ಎಲ್ಲೂ ಹೇಳಿಲ್ಲ.

ಇಷ್ಟೆಲ್ಲ ಹೇಳಿಯೂ ನಿಜವಾದ ಲಾಭ ಇನ್ನೂ ಹೇಳಿಲ್ಲ. ಅದು ಪುಸ್ತಕದ ಕೊನೆಯ ಕಲಮಿನಲ್ಲಿದೆ. ತಲೆಗೆ ‘ಷರಾ’ ಎಂದು ಬರೆದಿದ್ದೇನೆ. ಮೊದಲ ವರ್ಷಗಳಲ್ಲಿ ಅಲ್ಲಿ ‘ಗಾಳಿ ಜೋರು’, ‘ಗುಡುಗು ಸಹಿತ’ ಎಂದು ಶಾನುಭೋಗರ ಗಾಂಭೀರ್ಯದಲ್ಲಿ ಬರೆಯುತ್ತಿದ್ದೆ. ಒಮ್ಮೆ ನೆಂಟರ ಮನೆ ಕಾರ್ಯಕ್ಕೆ ಹೋಗುವಾಗ ಲೆಕ್ಕವನ್ನು ಹೆಂಡತಿಗೆ ವಹಿಸಿ ಹೋಗಬೇಕಾಯಿತು. ಹೇಗೆ ನೋಡಬೇಕು, ಕಣ್ಣನ್ನು ನೀರಿನ ಮಟ್ಟಕ್ಕೇ ತರಬೇಕು ಎಂದೆಲ್ಲ ಪಾಠ ಮಾಡಿದೆ. ತಿರುಗಿ ಬಂದು ನೋಡಿದರೆ ಹೀಗಿತ್ತು:

‘ಮಳೆ 41. ಬೆಳ್ಳಿ ಕರು ಹಾಕಿತು, ಹೆಣ್ಣು. ಕೊಟ್ಟಿಗೆ ಸೋರುತ್ತದೆ, ಹೇಳಿ ಹೇಳಿ ಸಾಕಾಯ್ತು.’

‘ಮಳೆ 63. ಕರೆಂಟಿಲ್ಲ. ಕಳಲೆ ಸಿಕ್ಕಿತು. ಇವರಿಲ್ಲ, ಹಾಗಾಗಿ ಸ್ವಲ್ಪವೇ ಪಲ್ಯ.’

‘ಮಳೆ 8. ಸೂರ್ಯ ಕಂಡ. ಕಂಬಳಿ ಒಣಗಿಸಿದೆ. ಕೆಳಮನೆಯವರು ಫೋನ್ ಮಾಡಿದ್ದರು, 10 ಎಂದೆ.’

ನನ್ನ ಅಷ್ಟೂ ವರ್ಷದ ‘ಗುಡುಗು ಸಹಿತ’ಗಳನ್ನು ಓದಿದರೆ ಒಂದು ದಿನವೂ ಕಣ್ಣ ಮುಂದೆ ಬರುವುದಿಲ್ಲ. ಈ ಮೂರು ಸಾಲಿನಲ್ಲಿ ನಾನಿಲ್ಲದ ಮೂರು ದಿನಗಳೂ ಬಂದು ಕೂತಿವೆ. ಭಾವನಿಗೆ ಹೇಳಿದ ಆ ಎರಡು ಮಿಲಿಮೀಟರ್ ಸುಳ್ಳನ್ನು ಮಾತ್ರ ನಾನು ತಿದ್ದಲು ಹೋಗಲಿಲ್ಲ. ಸಂಸಾರದಲ್ಲಿ ಪಕ್ಷ ವಹಿಸುವವರು ಒಬ್ಬರಾದರೂ ಬೇಕು. ಅಂದಿನಿಂದ ನಾನೂ ಆಕೆಯ ಶೈಲಿಗೆ ಬಿದ್ದಿದ್ದೇನೆ. ಅಣಬೆ ಎದ್ದದ್ದು, ಸಂಕ ಕೊಚ್ಚಿಹೋದದ್ದು, ಅಕ್ಕಿ ಡಬ್ಬಿಗೆ ಹುಳ ಬಿದ್ದದ್ದು, ನಾವಿಬ್ಬರೂ ಮಾತು ಬಿಟ್ಟದ್ದು, ಮತ್ತೆ ಯಾವ ಮಳೆಗೆ ಮಾತು ಶುರುವಾದದ್ದು, ಎಲ್ಲ ಅಲ್ಲಿದೆ. ಡೈರಿ ಬರೆ ಎಂದು ಯಾರಾದರೂ ಹೇಳಿದ್ದರೆ ಜನ್ಮದಲ್ಲಿ ಬರೆಯುತ್ತಿರಲಿಲ್ಲ. ಮಳೆಯ ನೆಪ ಇದ್ದದ್ದರಿಂದ ನಮ್ಮ ಸಂಸಾರದ ಚರಿತ್ರೆಯೊಂದು ನಮಗೇ ಗೊತ್ತಾಗದಂತೆ ತಯಾರಾಗಿಬಿಟ್ಟಿದೆ.

ಹೋದ ವರ್ಷ ಕಾಲೇಜಿನ ಹುಡುಗನೊಬ್ಬ ಅಧ್ಯಯನಕ್ಕೆ ಬೇಕೆಂದು ಪುಸ್ತಕಗಳನ್ನು ಹುಡುಕಿಕೊಂಡು ಬಂದ. ಕೊನೆಗೂ ದೇಶಕ್ಕೆ ಉಪಯೋಗವಾಯಿತಲ್ಲ ಎಂದು ನಾನು ಉಬ್ಬಿದೆ. ಜಗಲಿಯಲ್ಲಿ ಕೂತು ತಾರೀಖು, ಮಿಲಿಮೀಟರ್, ತಾರೀಖು, ಮಿಲಿಮೀಟರ್ ಎಂದು ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ದೋಸೆ ತಂದ ಹೆಂಡತಿ ನೋಡಿ ಕೇಳಿದಳು: ‘ಷರಾ ಬರ್ಕೊಳ್ಳೋದಿಲ್ವಾ ತಮ್ಮಾ?’ ಅವನು ‘ಅದಕ್ಕೆ ಇದ್ರಲ್ಲಿ ಜಾಗ ಇಲ್ಲ ಅಮ್ಮಾ’ ಎಂದ.

ಅವಳು ಅವನಿಗೆ ಏನೂ ಹೇಳಲಿಲ್ಲ, ಇನ್ನೊಂದು ದೋಸೆ ಹಾಕಿದಳು. ಆದರೆ ಈ ವರ್ಷದ ಹೊಸ ಪುಸ್ತಕಕ್ಕೆ ಗೆರೆ ಎಳೆದವಳು ಅವಳೇ. ಮಿಲಿಮೀಟರಿಗೆ ಒಂದು ಬೆರಳಗಲ ಸಾಕಂತೆ. ಉಳಿದ ಪುಟವೆಲ್ಲ ಷರಾ.