ಕಸ್ಟಮರ್ ಕೇರ್ ಸಂವಾದ

"ಸಾರ್, 5 ಜಿಬಿ ಫೈಲು 99 ಪರ್ಸೆಂಟಿಗೆ ಬಂದು ನಿಂತುಬಿಡ್ತು."

"ನಿಂತಿಲ್ಲ ಮೇಡಂ, ಸುಧಾರಿಸಿಕೊಳ್ತಿದೆ."

"100 ಎಂಬಿಪಿಎಸ್ ಅಂದಿದ್ರಿ. ಸೆಕೆಂಡಿಗೆ 12 ಎಂಬಿ ದಾಟೋದೇ ಇಲ್ಲ!"

"ನಾವು ಹೇಳಿದ್ದು ಬಿಟ್, ನೀವು ನೋಡ್ತಿರೋದು ಬೈಟ್. 8ರಿಂದ ಭಾಗಿಸಿ."

"ಬಿಲ್ಲನ್ನೂ ಭಾಗಿಸ್ಲಾ?"

"ಬಿಲ್ಲು ಯಾವತ್ತೂ ಇಡಿಯಾಗೇ ಬರುತ್ತೆ ಮೇಡಂ."

(ಈ ಒಂದು ಮಾತಿಗಂತೂ ಕಂಪನಿ ಎಂದೂ ತಪ್ಪಿಲ್ಲ.)

"ಅಯ್ಯೋ, ರೂಟರಲ್ಲಿ ಕೆಂಪು ದೀಪ ಮಿಣುಕ್ತಿದೆ!"

"ಫೈಬರ್ ಕಟ್ಟಾಗಿರ್ಬೇಕು. ಬೀದೀಲಿ ಜೆಸಿಬಿ ಇದೆಯಾ?"

"ಇದೆ. ಚರಂಡಿ ಅಗೀತಿದೆ."

"ನೋಡಿ, ತಪ್ಪು ನಮ್ಮದಲ್ಲ."

"ಮತ್ತೆ ಮೊದಲಿಂದ ಇಳಿಸ್ಬೇಕಾ?"

"ಬೇಡ. ಸರ್ವರ್ ಒಪ್ಪಿದ್ರೆ ನಿಂತಲ್ಲಿಂದಲೇ ಮುಂದುವರಿಸೋ ಡೌನ್‌ಲೋಡ್ ಮ್ಯಾನೇಜರ್ ಇದೆ. ಕೊನೇಲಿ ಚೆಕ್‌ಸಮ್ ತಾಳೆ ನೋಡ್ಕೊಳ್ಳಿ."

"ಆ ಮ್ಯಾನೇಜರ್ ಎಲ್ಲಿ ಸಿಗುತ್ತೆ?"

"ಡೌನ್‌ಲೋಡ್ ಮಾಡ್ಕೊಳ್ಳಿ ಮೇಡಂ."